ಉಗಿ ವಿಮಾನದ ಹಾಡುಗಾರ

ಉಗಿಯಿಂದ ಹಾರುವ ವಿಮಾನದ ಮೇಲೆ ಹಾಡು ಕಟ್ಟಿದವನೊಬ್ಬ ಇದ್ದ, ಗೊತ್ತಾ? ಹೆಸರು ಜಾನ್ ಹಾರ್ಟ್‌ಫರ್ಡ್. 1937ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಮಿಸಿಸಿಪ್ಪಿ ನದಿ ದಂಡೆಯ ಸೇಂಟ್ ಲೂಯಿಸ್‌ನಲ್ಲಿ ಬೆಳೆದ. ಅಪ್ಪ ಡಾಕ್ಟರ್. ಮಗನಿಗೆ ಮಾತ್ರ ಎರಡೇ ಹುಚ್ಚು: ಉಗಿ ಹಡಗು ಮತ್ತು ಬ್ಯಾಂಜೊ.

ಆತ ಮನಸೋತದ್ದು ಬ್ಲೂಗ್ರಾಸ್‌ಗೆ. ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್, ಗಿಟಾರ್, ಬಾಸ್ ಅಷ್ಟೇ, ಡ್ರಮ್ಸ್ ಇಲ್ಲ. 1940ರ ದಶಕದಲ್ಲಿ ಬಿಲ್ ಮನ್ರೋ ತಂಡ ರೂಪ ಕೊಟ್ಟ ಈ ಸಂಗೀತ ಬರ್ತಾ ಬರ್ತಾ ಸ್ವಲ್ಪ ಮಡಿವಂತ ಆಗಿಬಿಟ್ಟಿತ್ತು.

1967ರಲ್ಲಿ ಹಾರ್ಟ್‌ಫರ್ಡ್ ಬರೆದ ಜೆಂಟಲ್ ಆನ್ ಮೈ ಮೈಂಡ್ ಹಾಡನ್ನು ಗ್ಲೆನ್ ಕ್ಯಾಂಪ್‌ಬೆಲ್ ಹಾಡಿದ. ಹಾಡು ಮನೆಮಾತಾಯಿತು, ರಾಯಲ್ಟಿ ಬರತೊಡಗಿತು. ಲಾಸ್ ಏಂಜಲೀಸ್‌ನ ಟಿವಿ ಷೋಗಳಲ್ಲಿ ಕೆಲಸವೂ ಸಿಕ್ತು. ನಾವಾಗಿದ್ರೆ ಅಲ್ಲೇ ಸೆಟ್ಲ್ ಆಗ್ತಿದ್ವಿ. ಆತ ಎಲ್ಲ ಬಿಟ್ಟು ನ್ಯಾಶ್‌ವಿಲ್‌ಗೆ ವಾಪಸಾದ.

ಅಲ್ಲಿ ಪಿಟೀಲಿಗೆ ವಸಾರ್ ಕ್ಲೆಮೆಂಟ್ಸ್, ಗಿಟಾರಿಗೆ ನಾರ್ಮನ್ ಬ್ಲೇಕ್, ಡೋಬ್ರೊಗೆ ಟಟ್ ಟೇಲರ್, ಬಾಸ್‌ಗೆ ರ‍್ಯಾಂಡಿ ಸ್ಕ್ರಗ್ಸ್ ಸೇರಿದರು. 1971ರಲ್ಲಿ ಏರಿಯೋ-ಪ್ಲೇನ್ ಆಲ್ಬಂ ಬಂತು. ನುಡಿಸಿದ್ದನ್ನು ಮತ್ತೆ ಕೇಳಿ ತಿದ್ದುವ ಗೋಜಿಗೆ ತಂಡ ಹೋಗಲಿಲ್ಲ; ಆರಿಸುವ ಕೆಲಸ ನಿರ್ಮಾಪಕ ಡೇವಿಡ್ ಬ್ರೊಂಬರ್ಗ್‌ನದು. ವಾದ್ಯಗಳು ಹಳೆಯವೇ. ಹಾಡಿನ ಮಾತು, ತಮಾಷೆ, ಧೈರ್ಯ ಎಲ್ಲ ಉದ್ದ ಕೂದಲಿನ ಹೊಸ ತಲೆಮಾರಿನದು.

ಆದ್ರೆ ಮಾರಾಟ ಆಗಲಿಲ್ಲ. ಮುಂದೆ ಇನ್ನೊಂದು ಆಲ್ಬಂ ಮಾಡಿ ಆತ ಆ ಕಂಪನಿಯಿಂದಲೇ ಹೊರಬಂದ.

ಕೊಂಡವರು ಕಮ್ಮಿ. ಕೇಳಿದವರಲ್ಲಿ ಮಾತ್ರ ವಾದ್ಯ ಹಿಡಿದ ಹುಡುಗರು ಇದ್ದರು. ಅದೇ ವರ್ಷ ಶುರುವಾದ ನ್ಯೂ ಗ್ರಾಸ್ ರಿವೈವಲ್ ತಂಡದ ಸ್ಯಾಮ್ ಬುಷ್, ತಮ್ಮ ನ್ಯೂಗ್ರಾಸ್ ಸಂಗೀತಕ್ಕೆ ಬೇರು ಈ ಆಲ್ಬಮ್ಮೇ ಅಂತ ಒಪ್ಪಿಕೊಂಡಿದ್ದಾನೆ. 1981ರಲ್ಲಿ ಆ ತಂಡ ಸೇರಿದ ಬೇಲಾ ಫ್ಲೆಕ್ ಮುಂದೊಂದು ದಿನ ನಮ್ಮ ಝಾಕಿರ್ ಹುಸೇನರ ತಬಲಾದ ಜೊತೆ ಬ್ಯಾಂಜೊ ನುಡಿಸಿದ. ದಾರಿ ಎಲ್ಲಿಂದ ಎಲ್ಲಿಗೆ ಬಂತು ನೋಡಿ!

ಹಾರ್ಟ್‌ಫರ್ಡ್ ಕೊರಗುತ್ತಾ ಕೂರಲಿಲ್ಲ. ಉಗಿ ಹಡಗು ನಡೆಸುವ ಲೈಸೆನ್ಸ್ ತಗೊಂಡ. ಹಲಗೆ ಮೇಲೆ ಕಾಲಲ್ಲಿ ತಾಳ ಹಾಕ್ತಾ, ಒಬ್ಬನೇ ಪಿಟೀಲು ನುಡಿಸಿ ಹಾಡಿದ. 1976ರ ಮಾರ್ಕ್ ಟ್ವ್ಯಾಂಗ್ ಆಲ್ಬಂಗೆ ಗ್ರ್ಯಾಮಿ ಬಂತು. 2001ರ ಜೂನ್ 4ರಂದು ಕ್ಯಾನ್ಸರ್ ಆತನನ್ನು ಒಯ್ದಿತು.

ಹಿಟ್ ಆದ ಹಾಡಿನ ದುಡ್ಡಲ್ಲಿ ಆತ ಕಾರು-ಬಂಗಲೆಗಿಂತ ಹೆಚ್ಚಾಗಿ ಕೊಂಡದ್ದು ತನಗೆ ಬೇಕಾದ್ದನ್ನು ಮಾಡುವ ಸ್ವಾತಂತ್ರ್ಯ. ಪ್ಲೇಸ್‌ಮೆಂಟ್ ಟೆನ್ಷನ್ನಿನ ನಡುವೆ, ಇವತ್ತು ರಾತ್ರಿ ಇಯರ್‌ಫೋನ್ ಹಾಕ್ಕೊಂಡು ಒಮ್ಮೆ ಕೇಳಿ.