ಬಾಲ್ಫರನ ಸೋಲು

ಆರ್ಥರ್ ಜೇಮ್ಸ್ ಬಾಲ್ಫರ್ ಎಂದೊಡನೆ ನಮ್ಮ ವಾಚಕರಲ್ಲಿ ಹೆಚ್ಚಿನವರಿಗೆ ನೆನಪಾಗುವುದು, ಪ್ಯಾಲೆಸ್ಟೈನಿನಲ್ಲಿ ಯೆಹೂದ್ಯರಿಗೊಂದು ನೆಲೆಯನ್ನು ಕುರಿತು 1917ರಲ್ಲಿ ಆತನು ಬರೆದ ಪುಟ್ಟ ಪತ್ರ. ಅದರ ಫಲವನ್ನು ಲೋಕ ಇಂದಿಗೂ ಉಣ್ಣುತ್ತಿದೆ. ನಾನು ಇಲ್ಲಿ ಹೇಳಹೊರಟಿರುವುದು ಅದಕ್ಕೂ ಹನ್ನೊಂದು ವರ್ಷ ಹಿಂದಿನ ಸಂಗತಿ. 1886ರಿಂದ 1905ರವರೆಗೆ, ನಡುವಣ ಮೂರು ವರ್ಷಗಳನ್ನುಳಿದು, ಇಂಗ್ಲೆಂಡನ್ನು ಆಳಿದ ಕನ್ಸರ್ವೇಟಿವ್ ಪಕ್ಷವು ಬಾಲ್ಫರನ ನಾಯಕತ್ವದಲ್ಲಿ 1906ರ ಚುನಾವಣೆಗೆ ಹೋಗಿ ನೆಲಕಚ್ಚಿತು. 118 ವರ್ಷಗಳ ಕಾಲ ಆ ಪಕ್ಷದ ಪಾಲಿಗೆ ಅದೇ ಅತಿ ದೊಡ್ಡ ಸೋಲಾಗಿ ಉಳಿದಿತ್ತು. ಹದಿನಾಲ್ಕು ವರ್ಷ ಅಧಿಕಾರದಲ್ಲಿದ್ದ ಅದೇ ಪಕ್ಷ 2024ರ ಜುಲೈ ತಿಂಗಳಲ್ಲಿ 121 ಸ್ಥಾನಗಳಿಗೆ ಇಳಿದಾಗ ಮಾತ್ರ ಅದಕ್ಕಿಂತ ದೊಡ್ಡ ಸೋಲೊಂದು ಬಂದಿತು. ಬಹುಕಾಲ ಆಳಿದ ಪಕ್ಷವು ದಾರಿ ತಪ್ಪುವುದು ಹೇಗೆ ಎಂಬ ಪ್ರಶ್ನೆ ಆಗ ಮತ್ತೆ ಎದ್ದಿತು. ಆ ಪ್ರಶ್ನೆಗೆ ಬಾಲ್ಫರನ ಬಾಳಿಗಿಂತ ನಿಚ್ಚಳವಾದ ಉತ್ತರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಬಾಲ್ಫರನು ಹುಟ್ಟಿದ್ದು 1848ರ ಜುಲೈ 25ರಂದು, ಸ್ಕಾಟ್ಲೆಂಡಿನ ವಿಟಿಂಗ್‌ಹ್ಯಾಮ್ ಎಂಬ ಜಹಗೀರಿನಲ್ಲಿ. ಆ ಜಹಗೀರಿಗೂ ನಮ್ಮ ದೇಶಕ್ಕೂ ಒಂದು ನಂಟುಂಟು. ಆತನ ಅಜ್ಜ ಹಿಂದೂಸ್ಥಾನದಲ್ಲಿ ಬ್ರಿಟಿಷ್ ನೌಕಾಪಡೆಗೆ ದಿನಸಿ ಒದಗಿಸುವ ಗುತ್ತಿಗೆ ಹಿಡಿದು ಅಪಾರ ಹಣ ಸಂಪಾದಿಸಿ, ಆ ಹಣದಿಂದ ಅದನ್ನು ಕೊಂಡನು. ತಂದೆ ತೀರಿಕೊಂಡಾಗ ಬಾಲ್ಫರನಿಗೆ ಏಳು ವರ್ಷ. ತಾಯಿ ದೈವಭಕ್ತೆ, ಬುದ್ಧಿವಂತೆ. ಆಕೆಯ ಸೋದರನೇ ಮುಂದೆ ಮೂರು ಸಲ ಪ್ರಧಾನಮಂತ್ರಿಯಾದ ಲಾರ್ಡ್ ಸಾಲ್ಸ್‌ಬರಿ. ಹೀಗೆ ಸೋದರಮಾವನ ಆಶ್ರಯ, ಈಟನ್ ಶಾಲೆ, ಕೇಂಬ್ರಿಜಿನ ಟ್ರಿನಿಟಿ ಕಾಲೇಜು, ಕೈತುಂಬ ಸಂಪತ್ತು, ಎಲ್ಲವೂ ಬೇಡುವ ಮೊದಲೇ ಒದಗಿದವು. ನೋಡಲು ಎತ್ತರದ, ಸ್ವಲ್ಪ ಬಾಗಿದ, ನವುರಾದ ನಿಲುವು. ಸಂಗೀತದಲ್ಲಿ ಆಸಕ್ತಿ, ಟೆನಿಸ್ ಗಾಲ್ಫ್ ಆಟಗಳಲ್ಲಿ ಪ್ರೀತಿ. ಕೊನೆಯವರೆಗೂ ಅವಿವಾಹಿತನಾಗಿಯೇ ಉಳಿದನು. ಒಬ್ಬ ಸೋದರಿಯನ್ನು ಕೈಹಿಡಿದವನು ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿ ಲಾರ್ಡ್ ರ‍್ಯಾಲೆ. ಇನ್ನೊಬ್ಬಳ ಪತಿ ನೀತಿಶಾಸ್ತ್ರಜ್ಞ ಹೆನ್ರಿ ಸಿಜ್ವಿಕ್. ಇಂಥ ವಿದ್ವತ್ ಪರಿವಾರದ ನಡುವೆ ಬೆಳೆದವನು ಬರಿಯ ರಾಜಕಾರಣಿಯಾಗುವುದು ಸಾಧ್ಯವಿರಲಿಲ್ಲ.

1874ರಲ್ಲಿ ಕಾಮನ್ಸ್ ಸಭೆಗೆ ಆರಿಸಿಬಂದ ಐದು ವರ್ಷಗಳಿಗೆ ಆತನು ತಾತ್ತ್ವಿಕ ಸಂಶಯವನ್ನು ಸಮರ್ಥಿಸುವ ಗ್ರಂಥವೊಂದನ್ನು ಪ್ರಕಟಿಸಿದನು. ವಿಜ್ಞಾನದ ಬುನಾದಿಯೂ ಕೊನೆಗೆ ತರ್ಕದಿಂದ ಸಿದ್ಧವಾಗದ ನಂಬಿಕೆಗಳ ಮೇಲೆಯೇ ನಿಂತಿದೆ, ಆದ್ದರಿಂದ ಶ್ರದ್ಧೆಗೂ ಅದರಷ್ಟೇ ಎಡೆಯುಂಟು ಎಂಬುದು ಅದರ ವಾದದ ತಿರುಳು. ನಮ್ಮ ಜೈನ ದಾರ್ಶನಿಕರ ಸ್ಯಾದ್ವಾದವನ್ನು ಬಲ್ಲವರಿಗೆ ಈ ಮನೋಧರ್ಮ ಅಪರಿಚಿತವೆನಿಸದು. ಯಾವ ಮಾತಿಗೂ ಇನ್ನೊಂದು ಮಗ್ಗುಲುಂಟೆಂದು ಬಲ್ಲ ಮನಸ್ಸು ಅದು. ಪಾಠ ಹೇಳಿ ಬದುಕುವ ನಮ್ಮಂಥವರಿಗೆ ಇಂಥ ಮನಸ್ಸಿನ ಮೇಲೆ ಸಹಜವಾಗಿಯೇ ಪ್ರೀತಿ. ಅದನ್ನು ಮರೆಮಾಚದೆಯೇ ಈತನ ಸೋಲನ್ನು ವಿಚಾರಿಸುತ್ತೇನೆ.

ಬಾಲ್ಫರನು ದುರ್ಬಲನೆಂದು ಯಾರೂ ಭಾವಿಸಬಾರದು. 1887ರಲ್ಲಿ ಮಾವನು ಆತನನ್ನು ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿ ನೇಮಿಸಿದಾಗ, ಈ ಸುಕುಮಾರನು ಆ ಕಾಳ್ಗಿಚ್ಚಿನಲ್ಲಿ ಒಂದು ತಿಂಗಳೂ ನಿಲ್ಲಲಾರನೆಂದು ನಕ್ಕವರೇ ಹೆಚ್ಚು. ಅದೇ ವರ್ಷ ಮಿಚೆಲ್ಸ್‌ಟೌನಿನಲ್ಲಿ ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ಬಾಲ್ಫರನು ಪೊಲೀಸರ ಪರವಾಗಿ ನಿಂತನು. ಐರಿಷ್ ಜನ ಆತನ ಹೆಸರಿನ ಹಿಂದೆ ರಕ್ತದ ವಿಶೇಷಣವೊಂದನ್ನು ಅಂಟಿಸಿದರು. ಆದರೆ ದಂಡದ ಜೊತೆಗೆ ಪರಿಹಾರವನ್ನೂ ಆತನು ತಂದನು. ಬಡ ಪಶ್ಚಿಮ ಜಿಲ್ಲೆಗಳ ಏಳಿಗೆಗೆ 1891ರಲ್ಲಿ ಮಂಡಳಿಯೊಂದನ್ನು ಸ್ಥಾಪಿಸಿದನು. ಗೇಣಿದಾರನು ನೆಲದ ಒಡೆಯನಾಗುವ ಮಾರ್ಗವನ್ನು ವಿಸ್ತರಿಸಿದನು. ಆ ನಾಲ್ಕು ವರ್ಷಗಳಲ್ಲಿ ಆತನ ನಿಲುವೇನೆಂಬುದು ಮಿತ್ರರಿಗೂ ಶತ್ರುಗಳಿಗೂ ಸ್ಪಷ್ಟವಾಗಿತ್ತು. ಮುಂದೆ ಕಳೆದುಹೋದದ್ದು ಈ ಸ್ಪಷ್ಟತೆಯೇ.

1902ರ ಜುಲೈ ತಿಂಗಳಲ್ಲಿ ಸಾಲ್ಸ್‌ಬರಿ ನಿವೃತ್ತನಾಗಿ ಸೋದರಳಿಯನು ಪ್ರಧಾನಮಂತ್ರಿಯಾದನು. ಎರಡು ವರ್ಷ ಹಿಂದೆ, ಬೋಯರ್ ಯುದ್ಧದ ಆವೇಶದಲ್ಲಿ, ಆ ಪಕ್ಷ ಮತ್ತು ಅದರ ಮಿತ್ರರು 670 ಸ್ಥಾನಗಳಲ್ಲಿ 402ನ್ನು ಗೆದ್ದಿದ್ದರು. ಇಂಥ ಬಹುಮತವುಳ್ಳವನಿಗೆ ಭಯವೇಕೆ? ಆದರೆ ಬಹುಕಾಲದ ಆಳ್ವಿಕೆಗೆ ಒಂದು ರೋಗವುಂಟು. ಸಣ್ಣ ಅಸಮಾಧಾನಗಳು ಅದರ ಕಿವಿಗೆ ಬೀಳುವುದಿಲ್ಲ.

ಮೊದಲನೆಯದು ಶಿಕ್ಷಣದ ಪ್ರಶ್ನೆ. 1902ರ ಶಿಕ್ಷಣ ಶಾಸನ ಬಾಲ್ಫರನ ನಿಜವಾದ ಸಾಧನೆ. ಇಂಗ್ಲೆಂಡಿನ ಪ್ರೌಢಶಾಲೆಗಳು ಬೆಳೆದದ್ದು ಅದರ ಮೇಲೆ. ಆದರೆ ಚರ್ಚಿನ ಶಾಲೆಗಳಿಗೂ ಸ್ಥಳೀಯ ಕಂದಾಯದಿಂದ ಹಣ ಕೊಡಬೇಕೆಂದು ಅದು ವಿಧಿಸಿತು. ಬೇರೆ ಪಂಥಗಳ ಪ್ರೊಟೆಸ್ಟಂಟರು ತಮ್ಮ ಹಣದಿಂದ ಪರಮತ ಬೋಧನೆ ನಡೆಯುವುದೇ ಎಂದು ಕೆರಳಿದರು. ಡಾಕ್ಟರ್ ಕ್ಲಿಫರ್ಡ್ ಎಂಬ ಪಾದ್ರಿಯ ಮುಂದಾಳುತನದಲ್ಲಿ ಸಾವಿರಾರು ಜನ ಕಂದಾಯ ಕಟ್ಟಲು ನಿರಾಕರಿಸಿದರು. ಮನೆಯ ಸಾಮಾನು ಜಪ್ತಿಯಾಯಿತು. ಕೆಲವರು ಸೆರೆಮನೆಗೂ ಹೋದರು. ಎರಡನೆಯದು ಕಾರ್ಮಿಕರದು. ಟ್ಯಾಫ್ ವೇಲ್ ರೈಲ್ವೆಯ ಮುಷ್ಕರದಿಂದಾದ ನಷ್ಟವನ್ನು ಸಂಘವೇ ತುಂಬಿಕೊಡಬೇಕೆಂದು 1901ರಲ್ಲಿ ಲಾರ್ಡ್ಸ್ ಸಭೆ ತೀರ್ಪಿತ್ತಿತು. ಸಂಘ ತೆತ್ತ ಪರಿಹಾರ ಸುಮಾರು 23,000 ಪೌಂಡು. ಮುಷ್ಕರವೆಂಬ ಆಯುಧವೇ ಕೈತಪ್ಪಿದಂತಾಯಿತು. ಶಾಸನ ತಿದ್ದಿಕೊಡಿರೆಂದು ಕೇಳಿದವರಿಗೆ ಬಾಲ್ಫರನ ಸರ್ಕಾರ ವಿಚಾರಣಾ ಮಂಡಳಿಯೊಂದನ್ನು ಕೊಟ್ಟಿತು. ಕನ್ಸರ್ವೇಟಿವರಿಗೆ ಮತ ಕೊಡುತ್ತಿದ್ದ ಕಾರ್ಮಿಕರು ಲಕ್ಷಾಂತರ ಇದ್ದರು. ಅವರೆಲ್ಲ ಆಗತಾನೆ ಹುಟ್ಟಿದ್ದ ಕಾರ್ಮಿಕ ಪಕ್ಷದ ಕಡೆ ಕಣ್ಣು ಹಾಯಿಸತೊಡಗಿದರು. ಮೂರನೆಯದು ಆಫ್ರಿಕದಿಂದ ಬಂದಿತು. ಟ್ರಾನ್ಸ್‌ವಾಲಿನ ಚಿನ್ನದ ಗಣಿಗಳಿಗೆ ಚೀನಾದಿಂದ ಕರಾರು ಕೂಲಿಗಳನ್ನು ತರಿಸಲು 1904ರಲ್ಲಿ ಒಪ್ಪಿಗೆ ಸಿಕ್ಕಿತು. ಕೂಲಿಗಳನ್ನು ಆವರಣದೊಳಗೆ ಕೂಡಿಹಾಕುತ್ತಾರೆ, ಚಾಟಿಯಿಂದ ಹೊಡೆಯುತ್ತಾರೆ ಎಂಬ ಸುದ್ದಿ ಬಂದಾಗ, ಇದು ಗುಲಾಮಗಿರಿಯೇ ಎಂದು ಇಂಗ್ಲೆಂಡಿನ ಊರೂರಲ್ಲಿ ಸಭೆಗಳು ನಡೆದವು.

ಇವು ಯಾವುದೂ ಒಂದೊಂದಾಗಿ ಸರ್ಕಾರವನ್ನು ಉರುಳಿಸಬಲ್ಲ ಸಂಗತಿಗಳಲ್ಲ. ಮರ ಒಣಗಿತ್ತು, ಕಿಡಿ ಬಿದ್ದದ್ದು 1903ರ ಮೇ 15ರಂದು, ಬರ್ಮಿಂಗ್‌ಹ್ಯಾಮ್ ನಗರದಲ್ಲಿ. ಬಾಲ್ಫರನದೇ ಮಂತ್ರಿಮಂಡಲದ ವಸಾಹತು ಸಚಿವ ಜೋಸೆಫ್ ಚೇಂಬರ್ಲೇನ್ ಅಲ್ಲಿ ಎದ್ದು ನಿಂತು, ಅರ್ಧ ಶತಮಾನದಿಂದ ಇಂಗ್ಲೆಂಡಿನ ನಿತ್ಯಧರ್ಮವಾಗಿದ್ದ ಅಬಾಧಿತ ವಾಣಿಜ್ಯವನ್ನೇ ಪ್ರಶ್ನಿಸಿದನು. ಪರದೇಶದ ಸರಕಿಗೆ ಸುಂಕ ಹಾಕೋಣ, ಸಾಮ್ರಾಜ್ಯದ ವಸಾಹತುಗಳಿಗೆ ರಿಯಾಯಿತಿ ಕೊಡೋಣ, ಬಂದ ಹಣದಿಂದ ಸಾಮ್ರಾಜ್ಯವನ್ನು ಬಿಗಿಯೋಣ ಎಂಬುದು ಆತನ ಯೋಜನೆ. ಅದರಲ್ಲಿ ಹೊರದೇಶದ ಗೋಧಿಗೂ ಸುಂಕ ಸೇರಿತ್ತು. ಗೋಧಿಗೆ ಸುಂಕವೆಂದರೆ ಬಡವನ ರೊಟ್ಟಿಗೆ ಸುಂಕ. ಲಿಬರಲರು ದೊಡ್ಡ ರೊಟ್ಟಿಯನ್ನೂ ಸಣ್ಣ ರೊಟ್ಟಿಯನ್ನೂ ಅಕ್ಕಪಕ್ಕದಲ್ಲಿ ಇಟ್ಟು ತೋರಿಸಿದರು. ಅರ್ಥಶಾಸ್ತ್ರದ ಯಾವ ಗ್ರಂಥವೂ ಆ ಚಿತ್ರದಷ್ಟು ಕೆಲಸ ಮಾಡಲಾರದು.

ಪಕ್ಷ ಇಬ್ಭಾಗವಾಯಿತು. ಈಗ ಪ್ರಧಾನಿ ಏನು ಮಾಡಬೇಕು? ಹೌದೆನ್ನಬೇಕು, ಇಲ್ಲವೆ ಅಲ್ಲವೆನ್ನಬೇಕು. ಬಾಲ್ಫರನು ಎರಡನ್ನೂ ಮಾಡಲಿಲ್ಲ. ಅದಕ್ಕೆ ಆತನ ಸಂಶಯಬುದ್ಧಿಯೊಂದೇ ಕಾರಣವಲ್ಲ. ಒಂದು ಹಳೆಯ ನೆನಪೂ ಕಾರಣ. 1846ರಲ್ಲಿ ರಾಬರ್ಟ್ ಪೀಲ್ ಇದೇ ಧಾನ್ಯದ ಸುಂಕವನ್ನು ತೆಗೆದುಹಾಕಲು ಹೋಗಿ ಪಕ್ಷವನ್ನು ಒಡೆದಿದ್ದನು. ಆ ಮೇಲೆ 28 ವರ್ಷ, 1874ರವರೆಗೆ, ಕನ್ಸರ್ವೇಟಿವರಿಗೆ ಸ್ವಂತ ಬಹುಮತ ದೊರೆಯಲಿಲ್ಲ. ತಾನು ಇನ್ನೊಬ್ಬ ಪೀಲ್ ಆಗಬಾರದೆಂದು ಬಾಲ್ಫರನು ಸಂಕಲ್ಪ ಮಾಡಿದನು. ಸಂಕಲ್ಪ ಒಳ್ಳೆಯದೇ. ಆದರೆ ಅಂದಿನಿಂದ ಪಕ್ಷವು ದೇಶಕ್ಕೆ ಏನು ಮಾಡಬೇಕೆಂಬ ಯೋಚನೆ ಹಿಂದಾಗಿ, ಪಕ್ಷ ಒಡೆಯದಂತೆ ಏನು ಹೇಳಬೇಕೆಂಬ ಯೋಚನೆ ಮುಂದಾಯಿತು.

ಆತನು ಕಂಡುಹಿಡಿದ ನಡುದಾರಿ ಬಹು ಜಾಣತನದ್ದು. ಆಹಾರಕ್ಕೆ ಸುಂಕ ಬೇಡ. ಆದರೆ ನಮ್ಮ ಸರಕಿಗೆ ಸುಂಕ ಹಾಕುವ ದೇಶಗಳೊಡನೆ ಚೌಕಾಸಿ ಮಾಡಲು ಸುಂಕದ ಅಧಿಕಾರ ಕೈಯಲ್ಲಿರಲಿ. ಹೀಗೆಂದು ಸುಂಕವಾದಿಗಳಿಗೆ ಒಂದು ಮಗ್ಗುಲನ್ನೂ ಮುಕ್ತವಾಣಿಜ್ಯವಾದಿಗಳಿಗೆ ಇನ್ನೊಂದು ಮಗ್ಗುಲನ್ನೂ ತೋರಿಸಿದನು. 1903ರ ಸೆಪ್ಟೆಂಬರಿನಲ್ಲಿ ಚೇಂಬರ್ಲೇನ್ ದೇಶವೆಲ್ಲ ಪ್ರಚಾರ ಮಾಡಲು ರಾಜೀನಾಮೆ ಕೊಟ್ಟಾಗ ಆ ಸುದ್ದಿಯನ್ನು ಬಚ್ಚಿಟ್ಟು, ಮುಕ್ತವಾಣಿಜ್ಯದ ಮಂತ್ರಿಗಳನ್ನೂ ಹೊರಗೆ ಕಳುಹಿಸಿದನು. ಎರಡು ತುದಿಗಳನ್ನೂ ಕತ್ತರಿಸಿ ನಡುವನ್ನು ಉಳಿಸಿಕೊಂಡ ಈ ಚಾತುರ್ಯಕ್ಕೆ ಸಭೆ ಬೆರಗಾಯಿತು. ಮುಂದಿನ ವರ್ಷ ತರುಣ ವಿನ್ಸ್ಟನ್ ಚರ್ಚಿಲ್ ಪಕ್ಷ ತೊರೆದು ಎದುರು ಸಾಲಿಗೆ ನಡೆದನು. 1905ರಲ್ಲಿ ಸುಂಕದ ಮೇಲೆ ಮತಕ್ಕೆ ಹಾಕುವ ಸಂದರ್ಭ ಬಂದಾಗ ಪ್ರಧಾನಿಯು ತನ್ನ ಅನುಯಾಯಿಗಳನ್ನು ಕರೆದುಕೊಂಡು ಸಭೆಯಿಂದಲೇ ಹೊರನಡೆದನು. ತನ್ನ ಅಭಿಪ್ರಾಯ ಅರ್ಧ ಹಾಳೆಯಲ್ಲಿ ಬರೆಯುವಷ್ಟು ಸರಳವೆಂದು ಒಮ್ಮೆ ಹೇಳಿ ಬರೆದೂ ತೋರಿಸಿದನು. ಆ ಅರ್ಧ ಹಾಳೆಯ ಅರ್ಥವೇನೆಂದು ಪಕ್ಷದವರೇ ಕಿತ್ತಾಡಿದರು.

ನನಗೆ ಇಲ್ಲಿ ಕುರುಸಭೆಯ ಭೀಷ್ಮನು ನೆನಪಾಗುತ್ತಾನೆ. ದ್ರೌಪದಿಯು ಸಭೆಯ ನಡುವೆ ನಿಂತು ಕೇಳಿದ್ದು ನೇರವಾದ ಪ್ರಶ್ನೆ. ಭೀಷ್ಮನು ಕೊಟ್ಟದ್ದು ಧರ್ಮದ ಗತಿ ಸೂಕ್ಷ್ಮವೆಂಬ ಉತ್ತರ. ಆ ಉತ್ತರ ಸುಳ್ಳಲ್ಲ. ಆದರೆ ಕೇಳಿದವಳ ಸೀರೆಯ ಸೆರಗು ಆಗ ಇನ್ನೊಬ್ಬನ ಕೈಯಲ್ಲಿತ್ತು. ತನ್ನ ಮಕ್ಕಳ ರೊಟ್ಟಿ ಸಣ್ಣದಾಗುವುದೇ ಇಲ್ಲವೇ ಎಂದು ಕೇಳಿದ ಗಿರಣಿ ಕೂಲಿಗೂ ಬಾಲ್ಫರನಿಂದ ದೊರೆತದ್ದು ಇಂಥ ಸೂಕ್ಷ್ಮವೇ. ಅವನಿಗೆ ಬೇಕಾಗಿದ್ದದ್ದು ಒಂದು ಮಾತು.

ಉಪಚುನಾವಣೆಗಳಲ್ಲಿ ಸ್ಥಾನಗಳು ಒಂದೊಂದಾಗಿ ಕೈಬಿಡುತ್ತಿದ್ದವು. ಅತ್ತ ಹಿಂದೂಸ್ಥಾನದಲ್ಲಿ ಕರ್ಜನ್ ಮತ್ತು ಕಿಚನರ್ ನಡುವಣ ಜಗಳ ಕರ್ಜನನ ರಾಜೀನಾಮೆಯಲ್ಲಿ ಮುಗಿಯಿತು; ವಂಗವಿಭಜನೆ ಸ್ವದೇಶಿಯ ಬೆಂಕಿ ಹೊತ್ತಿಸಿತು. 1905ರ ಡಿಸೆಂಬರ್ 4ರಂದು ಬಾಲ್ಫರನು ಕೊನೆಯ ಜಾಣತನವನ್ನು ಪ್ರಯೋಗಿಸಿದನು. ಚುನಾವಣೆ ನಡೆಸದೆ ರಾಜೀನಾಮೆ ಕೊಟ್ಟನು. ಲಿಬರಲರು ತಮ್ಮತಮ್ಮೊಳಗೆ ಕಾದಾಡಿ ಮಂತ್ರಿಮಂಡಲ ರಚಿಸಲಾರದೆ ನಗೆಪಾಟಲಾಗುವರೆಂದು ಆತನ ಲೆಕ್ಕ. ಆದರೆ ಕ್ಯಾಂಬೆಲ್ ಬ್ಯಾನರ್ಮನ್ ಕೆಲವೇ ದಿನಗಳಲ್ಲಿ ಮಂತ್ರಿಮಂಡಲ ರಚಿಸಿ ಚುನಾವಣೆಗೆ ಹೊರಟನು.

ಜನವರಿ 13ರಂದು ಮ್ಯಾಂಚೆಸ್ಟರ್ ಮತದಾನ ಮಾಡಿತು. ನಮ್ಮ ನೇಕಾರರ ಮಗ್ಗಗಳನ್ನು ಮೂಲೆಗೆ ಸೇರಿಸಿದ ಹತ್ತಿಬಟ್ಟೆಯ ಊರು ಅದು. ಹೊರದೇಶದ ಹತ್ತಿ ತರಿಸಿ ಹೊರದೇಶಕ್ಕೆ ಬಟ್ಟೆ ಮಾರಿ ಬದುಕುವ ಅದಕ್ಕೆ ಸುಂಕವೆಂದರೆ ನಡುಕ. ಇಪ್ಪತ್ತು ವರ್ಷ ತನ್ನನ್ನು ಆರಿಸಿ ಕಳುಹಿಸಿದ್ದ ಪೂರ್ವ ಮ್ಯಾಂಚೆಸ್ಟರ್ ಕ್ಷೇತ್ರದಲ್ಲಿಯೇ ಬಾಲ್ಫರನು ಸೋತನು. ಚುನಾವಣೆ ಮುಗಿದಾಗ 402 ಇದ್ದ ಬಲ 157ರ ಆಸುಪಾಸಿಗೆ ಇಳಿದಿತ್ತು. ಲಿಬರಲರು ಸುಮಾರು 400. ಕಾರ್ಮಿಕ ಪಕ್ಷದವರು 29 ಮಂದಿ. ಒಂದು ಸಂಗತಿ ಗಮನಾರ್ಹ. ಸೋತ ಪಕ್ಷಕ್ಕೆ ಆಗಲೂ ನೂರಕ್ಕೆ ಸುಮಾರು 43 ಮತಗಳು ಬಂದಿದ್ದವು. ಹಳೆಯ ಭಕ್ತರು ಕೈಬಿಟ್ಟಿರಲಿಲ್ಲ. ಕೈಬಿಟ್ಟವರು ನಂಬಿಕೆಯ ಅಂಚಿನಲ್ಲಿದ್ದವರು, ಪ್ರತಿ ಚುನಾವಣೆಯಲ್ಲಿಯೂ ಹೊಸದಾಗಿ ಒಲಿಸಿಕೊಳ್ಳಬೇಕಾದವರು. ಬಹುಕಾಲ ಆಳುವವರಿಗೆ ಮೊದಲು ಮರೆತುಹೋಗುವುದು ಇಂಥವರೇ.

ಅದಕ್ಕಿಂತಲೂ ವಿಷಾದಕರವಾದದ್ದು ಮುಂದಿನ ಕಥೆ. ಯಾವ ಒಡಕನ್ನು ತಪ್ಪಿಸಲು ಬಾಲ್ಫರನು ಇಷ್ಟೆಲ್ಲ ಮಾಡಿದನೋ ಅದು ತಪ್ಪಲಿಲ್ಲ. ಉಳಿದು ಬಂದ ಸದಸ್ಯರಲ್ಲಿ ಹೆಚ್ಚಿನವರು ಚೇಂಬರ್ಲೇನನ ಕಡೆಯವರು. ಬೇರೆ ಕ್ಷೇತ್ರದಿಂದ ಸಭೆಗೆ ಮರಳಿದ ಬಾಲ್ಫರನು ಅವರ ಸುಂಕನೀತಿಗೆ ತಲೆಬಾಗಬೇಕಾಯಿತು. ಜನರಲ್ಲಿ ಕಳೆದುಕೊಂಡ ಬಲವನ್ನು ಲಾರ್ಡ್ಸ್ ಸಭೆಯ ವಂಶಪಾರಂಪರ್ಯ ಬಹುಮತದಿಂದ ತುಂಬಿಕೊಳ್ಳಲು ಪಕ್ಷ ಹವಣಿಸಿತು. 1909ರಲ್ಲಿ ಬಜೆಟ್ಟನ್ನೇ ತಿರಸ್ಕರಿಸಿದ ಆ ಸಭೆ 1911ರಲ್ಲಿ ತನ್ನ ನಿಷೇಧಾಧಿಕಾರವನ್ನೇ ಕಳೆದುಕೊಂಡಿತು. ಕಾಪಾಡಲೆಂದೇ ಹುಟ್ಟಿದ ಪಕ್ಷ ತಾನು ಕಾಪಾಡಬೇಕಾದುದನ್ನೇ ಪಣಕ್ಕೊಡ್ಡಿ ಸೋತಿತು. 1910ರ ಎರಡು ಚುನಾವಣೆಗಳಲ್ಲಿಯೂ ಅಧಿಕಾರ ದೊರೆಯದಿರಲು ಸ್ವಪಕ್ಷದವರೇ ಆತನು ತೊಲಗಬೇಕೆಂದು ಕೂಗೆಬ್ಬಿಸಿದರು. 1911ರ ನವೆಂಬರಿನಲ್ಲಿ ಬಾಲ್ಫರನು ನಾಯಕತ್ವ ಬಿಟ್ಟನು.

ಆಮೇಲೂ ಆತನು ಬಹುಕಾಲ ಬಾಳಿದನು. ಮಹಾಯುದ್ಧದಲ್ಲಿ ನೌಕಾಮಂತ್ರಿಯಾಗಿ, ವಿದೇಶಾಂಗ ಮಂತ್ರಿಯಾಗಿ ದುಡಿದನು. ಯೆಹೂದ್ಯರಿಗೆ ನೆಲೆಯ ಭರವಸೆಯನ್ನೂ ಅಲ್ಲಿನ ಇತರ ಜನರ ಹಕ್ಕಿಗೆ ಚ್ಯುತಿಯಿಲ್ಲವೆಂಬ ಭರವಸೆಯನ್ನೂ ಒಂದೇ ವಾಕ್ಯದಲ್ಲಿ ಹೆಣೆದ ಪತ್ರಕ್ಕೆ ಸಹಿ ಹಾಕಿದ್ದು ಆಗಲೇ. 1926ರಲ್ಲಿ ಬ್ರಿಟನ್ನೂ ಅದರ ಸ್ವಯಮಾಡಳಿತದ ವಸಾಹತುಗಳೂ ಸರಿಸಮಾನವೆಂಬ ಸೂತ್ರವನ್ನು ರೂಪಿಸಿದ ಸಮಿತಿಗೂ ಆತನೇ ಅಧ್ಯಕ್ಷ. 1930ರ ಮಾರ್ಚ್ 19ರಂದು, 81ನೆಯ ವಯಸ್ಸಿನಲ್ಲಿ, ತೀರಿಕೊಂಡನು.

ಇಷ್ಟು ವಿದ್ಯೆ, ಇಷ್ಟು ಸೌಜನ್ಯ, ಇಷ್ಟು ಅನುಭವ ಒಬ್ಬನಲ್ಲಿ ಕೂಡಿಬರುವುದು ಅಪೂರ್ವ. ಆತನು ಲಂಚ ತಿಂದವನಲ್ಲ, ಸೋಮಾರಿಯಲ್ಲ, ದೇಶದ್ರೋಹಿಯಲ್ಲ. ಆತನ ಪಕ್ಷ ಸೋತದ್ದು ಅದು ಹೇಳಿದ್ದನ್ನು ಜನ ಒಪ್ಪದಿದ್ದುದರಿಂದ ಎಂದು ನನಗೆ ತೋರುವುದಿಲ್ಲ. ಅದು ಏನು ಹೇಳುತ್ತಿದೆಯೆಂಬುದೇ ಜನಕ್ಕೆ ತಿಳಿಯದೆ ಹೋದುದರಿಂದ. ಪೀಲನು ಹೌದು ಎಂದು ಹೇಳಿ ಪಕ್ಷವನ್ನು ಕಳೆದುಕೊಂಡನು. ಆದರೆ ದೇಶಕ್ಕೆ ಅಗ್ಗದ ರೊಟ್ಟಿಯನ್ನು ಬಿಟ್ಟುಹೋದನು. ಬಾಲ್ಫರನು ಪಕ್ಷವನ್ನು ಉಳಿಸಲು ಮಾತನ್ನು ನುಂಗಿದನು, ಎರಡೂ ಉಳಿಯಲಿಲ್ಲ. ಆಳುವವರ ಪಾಡು ಇರಲಿ, ಅವರನ್ನು ಆರಿಸುವ ನಾವು ಇದರಿಂದ ಕಲಿಯಬೇಕಾದದ್ದು ಸ್ವಲ್ಪವೇ. ನಾಯಕನ ಮಾತು ಎಷ್ಟು ಚೆನ್ನಾಗಿದೆಯೆಂದು ನೋಡುವ ಮೊದಲು, ಅದು ಹೌದೋ ಅಲ್ಲವೋ ಎಂದು ಕೇಳಬೇಕು. ಉತ್ತರ ಬರುವವರೆಗೆ ಕೇಳುತ್ತಲೇ ಇರಬೇಕು.