ವಚನ ಪಿತಾಮಹನೊಳಗಿದ್ದ ಜನಪ್ರತಿನಿಧಿ

ಪ್ರತಿವರ್ಷ ಜುಲೈ 2ರಂದು ನಮ್ಮ ಸರ್ಕಾರಿ ಕಚೇರಿಗಳಲ್ಲಿ ರುಮಾಲು ಸುತ್ತಿದ ಹಿರಿಯರೊಬ್ಬರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುವ ಆ ದಿನ ಡಾ. ಫ.ಗು. ಹಳಕಟ್ಟಿಯವರ ಜನ್ಮದಿನ. ವೇದಿಕೆಯ ಮೇಲೆ ಶಾಸಕರು, ನಗರದ ಸದಸ್ಯರು ಸಾಲಾಗಿ ಕುಳಿತಿರುತ್ತಾರೆ. ತಾಳೆಗರಿಗಳ ಕಥೆ ಹೇಳಿ, ವಚನ ಪಿತಾಮಹನೆಂದು ಕೊಂಡಾಡಿ ಎದ್ದು ಹೋಗುತ್ತಾರೆ. ಆ ಚಿತ್ರದಲ್ಲಿರುವವರು ತಮ್ಮಂತೆಯೇ ಪುರಸಭೆಯಲ್ಲಿ ದುಡಿದವರು, ಶಾಸನಸಭೆಯಲ್ಲಿ ಕುಳಿತವರು ಎಂಬುದು ಅಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಇಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬೆಳೆದ ನನಗೂ ಬಹುಕಾಲ ಅದು ತಿಳಿದಿರಲಿಲ್ಲ. ಪಠ್ಯಪುಸ್ತಕದ ಹಳಕಟ್ಟಿಯವರು ಹಸ್ತಪ್ರತಿಗಳ ನಡುವೆ ಕುಳಿತ ವಿದ್ವಾಂಸರು ಮಾತ್ರ. ಕೊಡ ಹೊತ್ತು ನೀರಿಗೆ ಅಲೆಯುತ್ತಿದ್ದ ನಮ್ಮೂರ ತಾಯಂದಿರಿಗೂ ಅವರಿಗೂ ಸಂಬಂಧವಿರಬಹುದೆಂದು ನನಗೆ ಹೊಳೆದದ್ದು ತೀರ ತಡವಾಗಿ.

ಹಳಕಟ್ಟಿಯವರು ಹುಟ್ಟಿದ್ದು 1880ರಲ್ಲಿ, ಧಾರವಾಡದಲ್ಲಿ. ಅದೇ ತಿಂಗಳ 12ರಂದು ಆಲೂರು ವೆಂಕಟರಾಯರು ವಿಜಾಪುರದಲ್ಲಿ ಜನಿಸಿದರು. ವಿಧಿಯ ಆಟವೆಂದರೆ, ವಿಜಾಪುರದಲ್ಲಿ ಹುಟ್ಟಿದ ಆಲೂರರಿಗೆ ಧಾರವಾಡ ಕರ್ಮಭೂಮಿಯಾಯಿತು, ಧಾರವಾಡದ ಹಳಕಟ್ಟಿಯವರಿಗೆ ವಿಜಾಪುರ. ಇಬ್ಬರೂ ಕಾನೂನು ಓದಿದವರೇ. ಆಲೂರರು ವಕೀಲಿಯನ್ನು ಬಿಟ್ಟು ನಾಡಿನ ಕೆಲಸಕ್ಕಿಳಿದರು. ಹಳಕಟ್ಟಿಯವರು ವಕೀಲಿಯಲ್ಲಿದ್ದುಕೊಂಡೇ ಅದರ ಗಳಿಕೆಯನ್ನು ನಾಡಿನ ಕೆಲಸಕ್ಕೆ ಸುರಿದರು.

ಶಿಕ್ಷಕರ ಮಗನಾದ ಅವರು ಮುಂಬೈಯಲ್ಲಿ ಪದವಿ ಪಡೆದು, 1904ರ ಸುಮಾರಿಗೆ ವಿಜಾಪುರದಲ್ಲಿ ನೆಲೆ ನಿಂತರು. ಜಿಲ್ಲೆಯ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಬಂದು ಆಗಿನ್ನೂ ಇಪ್ಪತ್ತು ವರ್ಷವಾಗಿತ್ತಷ್ಟೆ. 1876ರಿಂದ 78ರವರೆಗೆ ಕಾಡಿದ ಭೀಕರ ಬರ ಈ ಸೀಮೆಯ ಹಿರಿಯರ ನೆನಪಿನಿಂದ ಮಾಸಿರಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಹೊಲಗಳಲ್ಲಿ ಮಳೆ ಕೈಕೊಟ್ಟರೆ ಜೋಳ ಬಾರದು. ಜೋಳ ಬಾರದಿದ್ದರೆ ಸಾಲ, ಸಾಲ ತೀರದಿದ್ದರೆ ಹೊಲ ಪರರ ಪಾಲು, ಆಮೇಲೆ ಜಿಲ್ಲಾ ಕೇಂದ್ರದ ನ್ಯಾಯಾಲಯದ ಕಟ್ಟೆ. ಹಳಕಟ್ಟಿಯವರು ಈ ಜಿಲ್ಲೆಯನ್ನು ಅರಿತದ್ದು ಆ ಕಟ್ಟೆಯ ಮೇಲೆ, ಕಕ್ಷಿದಾರರ ಮುಖಗಳಲ್ಲಿ ಎಂದು ನನಗೆ ಅನ್ನಿಸುತ್ತದೆ. ಮುಂದೆ ಅವರು ಕಟ್ಟಿದ ಒಂದೊಂದು ಸಂಸ್ಥೆಯೂ ಆ ಸಂಕಟಗಳಲ್ಲಿ ಒಂದಕ್ಕೆ ನೀಡಿದ ಉತ್ತರದಂತಿದೆ.

ಅಕ್ಷರವಿಲ್ಲದ ಸಂಕಟಕ್ಕೆ 1910ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆ ಹುಟ್ಟಿತು. ಇಂದು ಬಿಎಲ್‌ಡಿಇ ಎಂದು ನಾವು ಕರೆಯುವ, ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯಗಳವರೆಗೆ ಬೆಳೆದಿರುವ ಸಂಸ್ಥೆಯ ಮೂಲ ಅದು. ಸಾಲದ ಸಂಕಟಕ್ಕೆ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಬಂತು. ಒಕ್ಕಲಿಗರಿಗೆ, ನೇಕಾರರಿಗೆ ಸಹಕಾರದ ದಾರಿ ತೋರಿಸಿದವರಲ್ಲಿಯೂ ಅವರು ಮೊದಲಿಗರು. ಇನ್ನುಳಿದದ್ದು ನೀರಿನ ಸಂಕಟ. ಆದಿಲಶಾಹಿ ಅರಸರು ತಾಜ್ ಬಾವಡಿಯಂಥ ಬೃಹತ್ ಬಾವಿಗಳನ್ನು ಕಟ್ಟಿಸಿದ ಊರೇ ಬೇಸಿಗೆಯಲ್ಲಿ ಬಾಯಾರುತ್ತಿತ್ತು. ಪುರಸಭೆಯಲ್ಲಿದ್ದ ಹಳಕಟ್ಟಿಯವರು ಕುಡಿಯುವ ನೀರಿಗಾಗಿ ಪಟ್ಟ ಶ್ರಮವನ್ನು ವಿಜಾಪುರದ ಹಿರಿಯರು ಇಂದಿಗೂ ಭೂತನಾಳ ಕೆರೆಯ ಹೆಸರಿನೊಂದಿಗೆ ನೆನೆಯುತ್ತಾರೆ.

ಆ ಕಾಲಕ್ಕೆ ವಿಜಾಪುರದಲ್ಲಿ ಮೇಯರ್ ಎಂಬ ಹುದ್ದೆ ಇರಲಿಲ್ಲ. ಪುರಸಭಾ ಸದಸ್ಯತ್ವದಿಂದ ದೊರೆಯುವುದು ಚರಂಡಿ, ದೀಪ, ನೀರುಗಳ ಕುರಿತ ದೂರುಗಳು ಮಾತ್ರ. ಅಲ್ಲಿ ದುಡಿದವರನ್ನು ಜಿಲ್ಲೆ 1920ರ ದಶಕದ ಆರಂಭದಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಕಂಡಿತು. 1919ರ ಕಾಯಿದೆಯಂತೆ ಶಿಕ್ಷಣ, ಕೃಷಿ, ಸ್ಥಳೀಯ ಸಂಸ್ಥೆಗಳಂಥ ಇಲಾಖೆಗಳು ದೇಶೀಯ ಮಂತ್ರಿಗಳ ಕೈಗೆ ಬಂದಿದ್ದವು. ಹಣಕಾಸಿನ ಬೀಗದ ಕೈ ಮಾತ್ರ ಬ್ರಿಟಿಷರ ಬಳಿಯೇ ಇತ್ತು. ಮರಾಠಿ, ಗುಜರಾತಿ ಭಾಷಿಕರೇ ಹೆಚ್ಚಾಗಿದ್ದ ಆ ಸಭೆಯಲ್ಲಿ ಕನ್ನಡ ಜಿಲ್ಲೆಗಳ ದನಿ ಕ್ಷೀಣವಾಗಿತ್ತು.

ಇಲ್ಲಿ ಒಂದು ಆಕ್ಷೇಪವನ್ನು ಮುಚ್ಚಿಡುವಂತಿಲ್ಲ. 1920ರ ಆ ಚುನಾವಣೆಯನ್ನು ಕಾಂಗ್ರೆಸ್ ಬಹಿಷ್ಕರಿಸಿತ್ತು. ದೇಶ ಅಸಹಕಾರದ ಹಾದಿ ಹಿಡಿದಾಗ ಶಾಸನಸಭೆಗೆ ಹೋದವರನ್ನು, ಸರ್ಕಾರಿ ವಕೀಲರಾಗಿದ್ದವರನ್ನು, ರಾವ್ ಬಹದ್ದೂರ್ ಬಿರುದು ಧರಿಸಿದವರನ್ನು ಜನನಾಯಕರೆನ್ನಬಹುದೇ? ಈ ಪ್ರಶ್ನೆ ಕೇಳುವವರ ಬಗ್ಗೆ ನನಗೆ ಗೌರವವಿದೆ. ಸೆರೆಮನೆಗೆ ಹೋದವರ ತ್ಯಾಗಕ್ಕೆ ಹಳಕಟ್ಟಿಯವರ ಬದುಕು ಸಾಟಿಯೆಂದು ನಾನು ವಾದಿಸುವುದಿಲ್ಲ. ಆದರೆ ಅಧಿಕಾರದ ಬಳಿ ಹೋದವರು ಏನನ್ನು ಹೊತ್ತು ಮರಳಿದರು ಎಂಬುದೂ ಒಂದು ಅಳತೆಯೇ. ಹಳಕಟ್ಟಿಯವರು ಏನನ್ನೂ ಹೊತ್ತು ಮರಳಲಿಲ್ಲ. ಇದ್ದದ್ದನ್ನೂ ಕಳೆದುಕೊಂಡರು.

ಕಳೆದುಕೊಂಡ ಬಗೆ ಎಲ್ಲರಿಗೂ ಗೊತ್ತಿರುವುದೇ. ನ್ಯಾಯಾಲಯದ ಕೆಲಸ ಮುಗಿಸಿ ಮಠಗಳಿಗೆ, ಹಳ್ಳಿಯ ಮನೆಗಳಿಗೆ ಅಲೆದು, ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ, ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತಿದ್ದ ತಾಳೆಗರಿಗಳನ್ನು ಬೇಡಿ ತಂದರು, ನಕಲು ಮಾಡಿದರು, ಪಾಠ ಹೋಲಿಸಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂತು. ಪರರ ಮುದ್ರಣಾಲಯವನ್ನು ನಂಬಿ ಈ ಕೆಲಸ ಸಾಗದೆಂದು ಮನೆಯನ್ನೇ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ ಬಂದವು. ಅದೇ 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನ ಅವರಿಗೆ ಅಧ್ಯಕ್ಷ ಪೀಠ ನೀಡಿ ಗೌರವಿಸಿತು. ಸುಮಾರು ಐವತ್ತು ಎಂದು ತಿಳಿದಿದ್ದ ವಚನಕಾರರ ಸಂಖ್ಯೆ ಅವರ ಶೋಧದಿಂದ ಇನ್ನೂರನ್ನು ದಾಟಿತು. ಬಸವಣ್ಣ ಹುಟ್ಟಿದ ಬಾಗೇವಾಡಿಯ ನೆಲಕ್ಕೆ ಬಸವಣ್ಣನ ಮಾತು ಅಚ್ಚಿನ ರೂಪದಲ್ಲಿ ಮರಳಿತು.

ಈ ಕೆಲಸವನ್ನು ನಾವು ಸಾಹಿತ್ಯಸೇವೆಯೆಂದು ಪ್ರತ್ಯೇಕಿಸಿ ಇಟ್ಟಿದ್ದೇವೆ. ನನಗೆ ಹಾಗೆ ಕಾಣುವುದಿಲ್ಲ. ಬಾವಿ ಬತ್ತಿದಲ್ಲಿ ಕೆರೆಗಾಗಿ ಹೆಣಗಿದ, ಸಾಹುಕಾರನ ಕೈಯಲ್ಲಿ ಸಿಕ್ಕಿದ್ದ ಸಾಲವನ್ನು ಬ್ಯಾಂಕಿಗೆ ತಂದ ಮನಸ್ಸೇ, ಕೆಲವರ ಪೆಟ್ಟಿಗೆಯಲ್ಲಿದ್ದ ವಚನಗಳನ್ನು ಎಲ್ಲರ ಕೈಗೆ ಕೊಟ್ಟಿತು. ಸಾರ್ವಜನಿಕವಾದದ್ದು ಸಾರ್ವಜನಿಕರಿಗೆ ಸಲ್ಲಬೇಕೆಂಬ ಒಂದೇ ನಂಬಿಕೆ ಈ ಮೂರರಲ್ಲಿಯೂ ಇದೆ.

ಬಿ.ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ, ಗೋಳಗುಮ್ಮಟಕ್ಕಿಂತ ಮೊದಲು ಹಳಕಟ್ಟಿಯವರನ್ನು ನೋಡಬೇಕೆಂದು ಹಟ ಹಿಡಿದರೆಂಬ ಮಾತು ನಮ್ಮ ಸೀಮೆಯಲ್ಲಿ ಮನೆಮಾತಾಗಿದೆ. ಅಂಥವರು ಬದುಕಿದ್ದು ಬಾಡಿಗೆ ಮನೆಯಲ್ಲಿ. ಹರಿದ ಕೋಟು ತೊಟ್ಟು, ಸೈಕಲ್ ಏರಿ ತಿರುಗುತ್ತಿದ್ದ ಅವರ ಚಿತ್ರವನ್ನು ಕಂಡವರು ಮರೆಯಲಿಲ್ಲ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಬಡತನ ಮಾತ್ರ ಕೊನೆಯವರೆಗೂ ಜೊತೆಗಿತ್ತು. 1964ರ ಜೂನ್ 29ರಂದು ಅವರು ತೀರಿಕೊಂಡರು. ಅದಕ್ಕೆ ಐದು ವಾರ ಮೊದಲು, ಮೇ 22ರಂದು, ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಇಟ್ಟಿದ್ದರು. ಒಂದು ಊರಿನ ನೀರಿಗಾಗಿ ಹೆಣಗಿದವರ ಕಣ್ಣು ಮುಚ್ಚುವ ಹೊತ್ತಿಗೆ ಇಡೀ ಜಿಲ್ಲೆಯ ನೀರಿನ ಕನಸಿಗೆ ಕಲ್ಲು ಬಿದ್ದಿತ್ತು.

ವಿಜಾಪುರ ಈಗ ವಿಜಯಪುರವಾಗಿದೆ, ಪುರಸಭೆ ಮಹಾನಗರ ಪಾಲಿಕೆಯಾಗಿದೆ. 2022ರಲ್ಲಿ ಪಾಲಿಕೆಗೆ ಮೊದಲ ಚುನಾವಣೆಯೂ ನಡೆಯಿತು. ಶಾಸಕರಾದವರು, ಮೇಯರ್ ಆಗಬಯಸುವವರು ಹಳಕಟ್ಟಿಯವರನ್ನು ಋಷಿಸಮಾನರೆಂದು ಕೈಮುಗಿಯುವುದು ಸುಲಭ. ಋಷಿಯೊಂದಿಗೆ ಯಾರೂ ನಮ್ಮನ್ನು ಹೋಲಿಸುವುದಿಲ್ಲ. ಅವರೂ ಸದಸ್ಯರಾಗಿದ್ದರು, ಶಾಸಕರಾಗಿದ್ದರು ಎಂದು ಒಪ್ಪಿಕೊಂಡರೆ ಮಾತ್ರ ಹೋಲಿಕೆ ಆರಂಭವಾಗುತ್ತದೆ. ಬರುವ ಜುಲೈ 2ರಂದು ಹಾರ ಹಾಕುವ ಮುನ್ನ ವೇದಿಕೆಯ ಮೇಲಿನವರು ತಾವು ಹುದ್ದೆಗೆ ಬಂದಾಗ ಇದ್ದ ಆಸ್ತಿಯೆಷ್ಟು, ಈಗ ಇರುವುದೆಷ್ಟು ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಲಿ. ಕೆಳಗೆ ಕುಳಿತ ನಾವೂ ಆ ಲೆಕ್ಕ ಕೇಳುವುದನ್ನು ಕಲಿಯೋಣ.