ಆವಿಯನ್ನು ಅಳೆದ ಮೇಷ್ಟ್ರು ಜಾನ್ ಡಾಲ್ಟನ್



ಪರಮಾಣುವಿನ ಪಾಠದಲ್ಲಿ ಡಾಲ್ಟನ್ ಅವರ ಹೆಸರು ಬರುತ್ತದೆ. ಆದರೆ ನೀರು ಹೇಗೆ ಆರುತ್ತೆ ಅಂತ ಲೆಕ್ಕ ಹಾಕಿ ತೋರಿಸಿದವರೂ ಅವರೇ.

ಇವರು 1766ರಲ್ಲಿ ಇಂಗ್ಲೆಂಡಿನ ಈಗಲ್ಸ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಬಡ ನೇಕಾರರು. ಡಾಲ್ಟನ್ 12ನೇ ವಯಸ್ಸಿಗೇ ತಮ್ಮ ಊರಲ್ಲಿ ಮೇಷ್ಟ್ರಾದರು! ನಮಗಿಂತ ಚಿಕ್ಕವರು. ಅವರಿಗಿಂತ ದೊಡ್ಡ ಹುಡುಗರೂ ಆ ಶಾಲೇಲಿ ಓದುತ್ತಿದ್ದರು. ಅವರನ್ನೆಲ್ಲ ಹೇಗೆ ಸುಮ್ಮನೆ ಕೂರಿಸ್ತಿದ್ದರೋ!

ಮುಂದೆ ಕೆಂಡಾಲ್ ಪಟ್ಟಣದಲ್ಲಿ ಜಾನ್ ಗಫ್ ಎಂಬ ವಿದ್ವಾಂಸರು ಸಿಕ್ಕಿದರು. ಗಫ್ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಡಾಲ್ಟನ್‌ಗೆ ಗಣಿತ ಕಲಿಸಿ, ದಿನಾ ಹವಾಮಾನ ಬರೆದಿಡುವ ಅಭ್ಯಾಸ ಹಚ್ಚಿದವರು ಅವರೇ. 1787ರಲ್ಲಿ ಡಾಲ್ಟನ್ ಉಷ್ಣತೆ, ಗಾಳಿಯ ಒತ್ತಡ, ಮಳೆ ಎಲ್ಲವನ್ನೂ ಬರೆಯಲು ಶುರು ಮಾಡಿದರು.

ಆ ಕಾಲದಲ್ಲಿ, ಉಪ್ಪು ನೀರಲ್ಲಿ ಕರಗುವ ಹಾಗೆ ನೀರು ಗಾಳಿಯಲ್ಲಿ ಕರಗುತ್ತದೆ ಎಂದು ಅನೇಕ ಪಂಡಿತರು ನಂಬಿದ್ದರು. ಡಾಲ್ಟನ್ ಒಪ್ಪಲಿಲ್ಲ. ಗಾಳಿ ತೆಗೆದ ಗಾಜಿನ ಕೊಳವೆಯಲ್ಲೂ ನೀರು ಆವಿಯಾಗುತ್ತೆ. ಗಾಳಿಯೇ ಇಲ್ಲ ಅಂದಮೇಲೆ ಅದು ಕರಗೋದು ಯಾತರಲ್ಲಿ?

ಅವರು ಪಾತ್ರೆಯಲ್ಲಿ ನೀರಿಟ್ಟು, ಒಮ್ಮೆ ಬಿಸಿ ಮಾಡಿ, ಒಮ್ಮೆ ಗಾಳಿ ಬೀಸುವ ಕಡೆ ಇಟ್ಟು, ಒಮ್ಮೆ ಗಾಳಿ ಆಡದ ಕಡೆ ಇಟ್ಟು, ಎಷ್ಟು ಕಡಿಮೆಯಾಯಿತು ಎಂದು ತಕ್ಕಡಿಯಲ್ಲಿ ತೂಗಿದರು. 1802ರಲ್ಲಿ ಇದರ ಫಲ ಹೊರಬಂತು. ನೀರು ಬಿಸಿಯಾದಷ್ಟೂ ಅದರ ಆವಿಯ ಒತ್ತಡ ಹೆಚ್ಚು. ಗಾಳಿಯಲ್ಲಿ ಮೊದಲೇ ಇರುವ ಆವಿಯ ಒತ್ತಡ ಅದಕ್ಕೆ ಎದುರು. ಇವೆರಡರ ವ್ಯತ್ಯಾಸ ಜಾಸ್ತಿ ಇದ್ದರೆ ನೀರು ಬೇಗ ಆರುತ್ತದೆ. ಗಾಳಿ ಬೀಸಿದರೆ ಮೇಲಿನ ಆವಿ ಸರಿದುಹೋಗಿ ಇನ್ನೂ ಬೇಗ. ಮಳೆಗಾಲದಲ್ಲಿ ನಮ್ಮ ಯೂನಿಫಾರಂ ಎರಡು ದಿನ ಆದ್ರೂ ಒಣಗದೇ ಇರೋದು ಇದಕ್ಕೇ. ಗಾಳಿಯಲ್ಲಿ ಆಗಲೇ ಆವಿ ತುಂಬಿರುತ್ತೆ. ಕೆರೆ, ಜಲಾಶಯಗಳಿಂದ ಎಷ್ಟು ನೀರು ಆವಿಯಾಗುತ್ತೆ ಎಂದು ಅಂದಾಜು ಮಾಡಲು ಈಗಲೂ ಈ ನಿಯಮ ಬೇಕು.

ಮ್ಯಾಂಚೆಸ್ಟರ್ ನಗರದಲ್ಲಿ ಗೆಳೆಯರೊಬ್ಬರ ಜೊತೆ ಸೇರಿ, ಮಣ್ಣು ತುಂಬಿದ ಪಾತ್ರೆಯನ್ನು ನೆಲದಲ್ಲಿ ಹೂತು ಮೂರು ವರ್ಷ ಅಳೆದರು. ವರ್ಷಕ್ಕೆ ಬಿದ್ದ ಸುಮಾರು 33 ಅಂಗುಲ ಮಳೆಯಲ್ಲಿ 25 ಅಂಗುಲ ಆವಿಯಾಗಿ ವಾಪಸ್ ಹೋಗಿತ್ತು!

ಡಾಲ್ಟನ್ ಮದುವೆಯಾಗಲಿಲ್ಲ. ಮನೆಪಾಠ ಹೇಳಿ ಜೀವನ ಮಾಡಿದರು. ಕೆಂಪು, ಹಸಿರು ಬಣ್ಣ ಅವರಿಗೆ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಆದರೆ ಹವಾಮಾನದ ಪುಸ್ತಕ ಮಾತ್ರ 57 ವರ್ಷ ಬಿಡಲಿಲ್ಲ. ಅದರಲ್ಲಿ 2 ಲಕ್ಷಕ್ಕೂ ಹೆಚ್ಚು ದಾಖಲೆಗಳಿದ್ದವು. 1844ರ ಜುಲೈ 26ರಂದು, ಕೈ ನಡುಗುತ್ತಿದ್ದರೂ, ಸ್ವಲ್ಪ ಮಳೆ ಬಂದದ್ದನ್ನು ಬರೆದರು. ಮರುದಿನ ಬೆಳಿಗ್ಗೆ ತೀರಿಕೊಂಡರು.